ಹದಿನೆಂಟು ಲಕ್ಷ ವರ್ಷದ ಬಾಯಿಗೆ ಹಲ್ಲು ಸೆಟ್

ಬಟ್ಟೆ ಎಳೆದದ್ದು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಒಪ್ಪಿಕೊಳ್ಳಬೇಕಾದದ್ದು ಇನ್ನೂ ಇದೆ.

ರಾಬರ್ಟ್‌ಸನ್‌ಪೇಟೆಯ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಹಳೆಯ ಹೊಲಿಗೆ ಕೋಣೆಯೊಂದಿತ್ತು. ಅದಕ್ಕೆ ಸುಣ್ಣ ಬಳಿಸಿ, ಬಾಗಿಲಿಗೆ 'ನಮ್ಮ ಪೂರ್ವಜರು' ಎಂಬ ಬೋರ್ಡು ಹಾಕಿ, ಒಳಗೆ ಉದ್ದನೆಯ ಮೇಜಿನ ಮೇಲೆ ನಾಲ್ಕು ತಲೆಬುರುಡೆಗಳ ಪ್ರತಿಕೃತಿಗಳನ್ನು ಇಟ್ಟಿದ್ದೆವು. ಒಂದೊಂದಕ್ಕೂ ಬಿಳಿ ಬಟ್ಟೆ ಹೊದಿಸಿತ್ತು. ಜೀವಶಾಸ್ತ್ರದ ಮೇಷ್ಟ್ರಾದ ನಾನು ಒಂದೊಂದೇ ಬಟ್ಟೆ ತೆಗೆಯುತ್ತ ಎರಡೆರಡು ಮಾತು ಹೇಳುವುದೆಂದು ಏರ್ಪಾಡು. ಎದುರಿಗೆ ಹೆಡ್ ಸಿಸ್ಟರ್, ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳು, ಮತ್ತು ಪುಣೆಯಿಂದ ಬಂದಿದ್ದ ಡಾಕ್ಟರ್ ಭಾರ್ಗವಿ. ಭಾರ್ಗವಿ ಬಂಗಾರಪೇಟೆಯ ಹುಡುಗಿ, ನನ್ನದೇ ಹಳೆಯ ವಿದ್ಯಾರ್ಥಿನಿ. ಈಗ ಅಳಿದುಹೋದ ಮಾನವ ಜಾತಿಗಳ ಮೂಳೆಗಳನ್ನು ಓದುವುದೇ ಅವಳ ಉದ್ಯೋಗ.

ಮೊದಲನೆಯದು ಆಫ್ರಿಕಾದ ಟೌಂಗ್ ಎಂಬಲ್ಲಿ ಸಿಕ್ಕ ಮಗು. ಚಪ್ಪಾಳೆ. ಎರಡನೆಯದು ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ, ಮೂರೂವರೆ ಅಡಿಯ ಹೆಂಗಸು. ಚಪ್ಪಾಳೆ. ಮೂರನೆಯವನು ದಪ್ಪ ಹುಬ್ಬಿನ ನಿಯಾಂಡರ್ತಲ್. ಹಿಂದಿನ ಸಾಲಿನಿಂದ ಯಾರೋ ಪಿ.ಟಿ. ಮೇಷ್ಟ್ರ ಹೆಸರು ಹೇಳಿ ನಕ್ಕರು. ನಾಲ್ಕನೆಯ ಬಟ್ಟೆಯ ಮೇಲೆ ಕೈಯಿಟ್ಟು ನಾನು ದನಿ ತಗ್ಗಿಸಿದೆ.

"ಜಾರ್ಜಿಯಾ ದೇಶದ ದ್ಮನಿಸಿಯಲ್ಲಿ ಸಿಕ್ಕ ಮುದುಕ ಇವನು. ಸುಮಾರು ಹದಿನೆಂಟು ಲಕ್ಷ ವರ್ಷ ಹಳೆಯವನು. ಈವರೆಗೆ ಸಿಕ್ಕ ಮಾನವ ಕುಲದ ಬೊಚ್ಚುಬಾಯಿಗಳಲ್ಲಿ ಇದೇ ತೀರಾ ಹಳೆಯದು" ಎಂದು ಬಟ್ಟೆ ಎಳೆದೆ.

ಮುದುಕ ನಕ್ಕ.

ಮೇಲೆ ಹದಿನಾಲ್ಕು, ಕೆಳಗೆ ಹದಿಮೂರು, ಮುತ್ತಿನಂಥ ಹಲ್ಲುಗಳು, ಗುಲಾಬಿ ಬಣ್ಣದ ಒಸಡು. ಕೆಳಗಿನ ಒಂದು ಕೋರೆಹಲ್ಲಿಗೆ ಮಿರಿಮಿರಿ ಮಿಂಚುವ ತಂತಿಯ ಕೊಕ್ಕೆ. ಮಕ್ಕಳು ಬೆಂಚು ಗುದ್ದಿಕೊಂಡು ನಕ್ಕರು. ಹೆಡ್ ಸಿಸ್ಟರ್ ಕೊರಳಿನ ಶಿಲುಬೆ ಹಿಡಿದುಕೊಂಡರು. ಭಾರ್ಗವಿ ಬಾಯಿ ತೆರೆದವಳು ಹಾಗೆಯೇ ನಿಂತಳು. ಬಾಗಿಲ ಬಳಿ ಮಾತ್ರ ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮಗಳನ್ನು ಧಾರೆ ಎರೆದುಕೊಟ್ಟ ಅಪ್ಪನಂತೆ ಹೆಮ್ಮೆಯಿಂದ ನಿಂತಿದ್ದ. ಅವನು ವಿಶ್ವನಾಥ್. ಆ ಹಲ್ಲು ಕಟ್ಟಿದವನು ಅವನೇ.

ಮುದುಕನಿಗೆ ಹಲ್ಲು ಬಂದಿರುವುದು ಎರಡು ದಿನ ಮೊದಲೇ ನನಗೆ ಗೊತ್ತಿತ್ತು.

ವಿಶ್ವನಾಥ್ ನನ್ನ ಸಹಪಾಠಿ. ಅವನ ಅಪ್ಪ ಗದಗಿನ ಕಡೆಯವರು, ಇಲ್ಲಿನ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದವರು. ಮನೆಯಲ್ಲಿ ಗದಗಿನ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಸಿಸ್ಟರುಗಳ ಎದುರು ಮೌನ. ಹೀಗೆ ನಾಲ್ಕು ಭಾಷೆಗಳಲ್ಲಿ ಬೆಳೆದ ಹುಡುಗ. ನಾನು ಮೊದಲ ಬೆಂಚು, ಅವನು ಕೊನೆಯ ಬೆಂಚು. ಬಾಯಿಪಾಠದಲ್ಲಿ ನಾನು ಮೊದಲಿಗ. ಬಾಯಿಯಲ್ಲೇ ಅವನು ಮೊದಲಿಗನಾಗುತ್ತಾನೆಂದು ಆಗ ಯಾರು ಕಂಡಿದ್ದರು?

ಎಸ್ಸೆಸ್ಸೆಲ್ಸಿಗೆ ಮುಂಚಿನ ಪರೀಕ್ಷೆಯಲ್ಲಿ 'ದವಡೆ ಹಲ್ಲಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬ ಪ್ರಶ್ನೆ ಬಂದಿತ್ತು. ನಾನು ಪುಸ್ತಕದ ಹಲ್ಲು ಬರೆದೆ, ಐದಕ್ಕೆ ಐದು. ವಿಶ್ವ ಅವನ ಅಜ್ಜಿಯ ಹಲ್ಲು ಬರೆದ. ತಲೆ ಸವೆದು ಚಪ್ಪಟೆ, ಒಂದು ಮೂಲೆ ಮುಕ್ಕು, ಎಲೆಯಡಿಕೆಯ ಕಲೆಗೆ ಕೆಂಪು ಪೆನ್ಸಿಲ್ಲು ಬೇರೆ. ಸಿಸ್ಟರ್ ಅದರ ಮೇಲೆ ಅಡ್ಡಗೀಟು ಹಾಕಿ, "ಇಂಥ ಹಲ್ಲು ಎಲ್ಲಿದೆ?" ಎಂದು ಕೇಳಿದರು. "ಮನೇಲಿದೆ ಸಿಸ್ಟರ್, ಕರ್ಕೊಂಡು ಬರ್ಲಾ?" ಎಂದ. ಆ ಉತ್ತರಕ್ಕೆ ಎರಡು ಪೆಟ್ಟು, ಚಿತ್ರಕ್ಕೆ ಸೊನ್ನೆ.

ಎಸ್ಸೆಸ್ಸೆಲ್ಸಿಯಲ್ಲಿ ಅವನು ವಿಜ್ಞಾನದಲ್ಲಿ ಫೇಲಾದ. ಚಾಂಪಿಯನ್ ರೀಫ್ಸ್‌ನಲ್ಲಿ ಹಲ್ಲು ಸೆಟ್ ಮಾಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದರು. ಅವರ ಹತ್ತಿರ ಕೆಲಸಕ್ಕೆ ಸೇರಿಕೊಂಡ. ನಾನು ಕಾಲೇಜಿಗೆ ಹೋಗಿ, ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ನಾನು ಓದಿದ ಶಾಲೆಗೇ ಮೇಷ್ಟ್ರಾಗಿ ಬರುವಷ್ಟರಲ್ಲಿ ಅವನು ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಸ್ವಂತ ಅಂಗಡಿ ಇಟ್ಟಿದ್ದ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ ಬೇಯಿಸಿ ಕೊಡುತ್ತಾನೆ. ತಮಿಳಿನವರ ಬಾಯಲ್ಲಿ ಅವನು 'ಪಲ್ಲು ಸೆಟ್ ಅಣ್ಣ'. ನಮ್ಮೂರಲ್ಲಿ ಅವನೊಂದು ದಂತಕಥೆ.

ಅವನದೊಂದು ಪದ್ಧತಿ ಇದೆ. ಸೆಟ್ ಹಾಕಿಸಿಕೊಂಡವರು ಯಾರೂ ಹಾಗೇ ಎದ್ದು ಹೋಗುವಂತಿಲ್ಲ. ಪಾನಿಪುರಿಗೆ ಹಾಕುವ ಒಣ ಪುರಿಯ ಪೊಟ್ಟಣ ಅವನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಬಂಗಾರಪೇಟೆಯಿಂದಲೇ ತರಿಸುತ್ತಾನೆ, ಬೇರೆ ಊರಿನ ಪುರಿಗೆ ಸದ್ದು ಸಾಲದಂತೆ. ಗಿರಾಕಿಯ ಕೈಗೆ ಒಂದು ಪುರಿ ಕೊಟ್ಟು ಕಚ್ಚಲು ಹೇಳಿ, ಕಣ್ಣು ಮುಚ್ಚಿ ಕಿವಿ ಕೊಟ್ಟು ಕೂರುತ್ತಾನೆ. ಸದ್ದು ಕೇಳಿಯೇ, "ಎಡಗಡೆ ಎತ್ತರ ಆಯ್ತು, ತೆಗೀರಿ" ಅನ್ನುತ್ತಾನೆ. ಮತ್ತೆ ಉಜ್ಜುತ್ತಾನೆ, ಮತ್ತೆ ಪುರಿ. ಎಡಕ್ಕೂ ಬಲಕ್ಕೂ ಒಂದೇ ಸದ್ದು ಬರುವ ತನಕ ಬಿಡುವುದಿಲ್ಲ. ಹಲ್ಲಿಲ್ಲದೆ ಬಂದವರು ಹಲ್ಲಿಲ್ಲದೆ ಮೆಟ್ಟಿಲಿಳಿಯಬಾರದು, ಇದು ಆ ಅಂಗಡಿಯ ಶಾಸನ.

ನನ್ನ ಅಮ್ಮ ಅಂಜನಮ್ಮನಿಗೂ ಅವನೇ ಸೆಟ್ ಮಾಡಿದ್ದು. ಪುರಿ ಕಚ್ಚಿದ ದಿನ ಅಮ್ಮ ಅತ್ತರಂತೆ. ನಾನು ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ಸೀರೆ ತಂದಾಗ ಅಳದವರು.

"ಇಪ್ಪತ್ತೈದು ವರ್ಷ ಪಾಠ ಮಾಡ್ದೆ. ಯಾರಿಗೆ ಏನು ಕೊಟ್ಟೆ ಹೇಳು? ವಿಶ್ವ ನೋಡು, ನಂಗೆ ನಿಪ್ಪಟ್ಟು ವಾಪಸ್ ಕೊಟ್ಟ" ಎಂದು ಈಗಲೂ ಅನ್ನುತ್ತಿರುತ್ತಾರೆ, ನಿಪ್ಪಟ್ಟು ಕಟುಂ ಎನ್ನಿಸುತ್ತ.

ಹೊಟ್ಟೆಕಿಚ್ಚು ಏಳು ಮಹಾಪಾಪಗಳಲ್ಲೊಂದು ಎಂದು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ನಮಗೆ ಕಲಿಸಿದ್ದರು. ಉಳಿದ ಆರು ನನಗೆ ಯಾವತ್ತೂ ಅಷ್ಟಾಗಿ ಒಗ್ಗಲಿಲ್ಲ.

ಆದರೂ ಒಂದು ವಿಷಯದಲ್ಲಿ ಮಾತ್ರ ನಾನು ನೆಮ್ಮದಿಯಾಗಿದ್ದೆ. ಪ್ರಾಚೀನ ಮಾನವರು ನನ್ನವರು. ಒಂದು ಬೆರಳ ಮೂಳೆಯ ಚೂರಿನಿಂದ ಒಂದು ಜನಾಂಗ ಇತ್ತೆಂದು ಹೇಗೆ ತಿಳಿದರು, ನಿಯಾಂಡರ್ತಲ್ಲರು ಅಳಿದು ನಲವತ್ತು ಸಾವಿರ ವರ್ಷವಾದರೂ ಅವರದೊಂದು ಅಂಶ ನಮ್ಮ ಮೈಯಲ್ಲಿ ಹೇಗೆ ಉಳಿದಿದೆ, ಇವನ್ನೆಲ್ಲ ಕೆಜಿಎಫ್‌ನಲ್ಲಿ ನನ್ನನ್ನು ಬಿಟ್ಟು ಯಾರೂ ಕೇಳುತ್ತಿರಲಿಲ್ಲ, ಹೇಳುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆದರೆ, "ಶುರುವಾಯ್ತು ಮಂಜೇಶ್ ಸಾರ್ ಬುರುಡೆ" ಎಂದು ಏಳುತ್ತಿದ್ದರು. ಏಳಲಿ. ಬುರುಡೆ ನನ್ನದು.

ಮೂರು ತಿಂಗಳ ಹಿಂದೆ ಭಾರ್ಗವಿಯ ಪತ್ರ ಬಂತು. ಶಾಲೆಯ ಕೋಣೆಗೆ ತನ್ನ ಸಂಸ್ಥೆಯಿಂದ ನಾಲ್ಕು ಪ್ರತಿಕೃತಿಗಳನ್ನು ಎರವಲು ಕಳಿಸುತ್ತೇನೆ, ನಕಲು ಮಾಡಿಸಿಕೊಂಡು ವಾಪಸ್ ಕಳಿಸಿ ಎಂದು ಬರೆದಿದ್ದಳು. ಕೊನೆಯಲ್ಲಿ ಇನ್ನೆರಡು ಸಾಲು. 'ದಸರಾ ರಜೆಯಲ್ಲಿ ನಮ್ಮ ತಂಡ ನರ್ಮದಾ ದಂಡೆಗೆ ಹತ್ತು ದಿನ ಹೋಗುತ್ತಿದೆ. ಜೀಪಿನಲ್ಲಿ ಒಂದು ಸೀಟು ಖಾಲಿ ಇದೆ, ಉದ್ಘಾಟನೆಗೆ ಬಂದಾಗ ಮಾತಾಡೋಣ ಸಾರ್.'

ನರ್ಮದೆ! ನಮ್ಮ ದೇಶದ ಅತಿ ಹಳೆಯ ಮನುಷ್ಯನ ತಲೆಬುರುಡೆ ಸಿಕ್ಕಿದ ದಂಡೆ. ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನು ಆ ನದಿಯನ್ನು ಹರಿಸಿದ್ದೇನೆ. ಕಣ್ಣಲ್ಲಿ ಒಂದು ಸಲವೂ ನೋಡಿಲ್ಲ. ನಿಜವಾದ ಪಳೆಯುಳಿಕೆಯನ್ನು ಅದು ಮಲಗಿದ ಮಣ್ಣಿನಲ್ಲಿ ನೋಡಬೇಕೆಂಬುದು ನನ್ನ ಬದುಕಿನ ಒಂದೇ ಆಸೆ ಎಂದರೆ ಉತ್ಪ್ರೇಕ್ಷೆಯಲ್ಲ. ಅವತ್ತೇ ಸಂಜೆ ಪೇಟೆಗೆ ಹೋಗಿ ಅಗಲ ಅಂಚಿನ ಟೋಪಿಯನ್ನೂ ದಪ್ಪ ಅಟ್ಟೆಯ ಬೂಟನ್ನೂ ಕೊಂಡು ತಂದೆ. ಯಾರಿಗೂ ತೋರಿಸಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಟೋಪಿ ಹಾಕಿಕೊಂಡು ಕನ್ನಡಿ ನೋಡಿಕೊಂಡೆ. ಪರವಾಗಿಲ್ಲ ಅನ್ನಿಸಿತು.

ಪ್ರತಿಕೃತಿಗಳು ಬಂದವು. ನಕಲು ಯಾರು ಮಾಡಬೇಕು? ಊರಿನಲ್ಲಿ ಪ್ಲಾಸ್ಟರಿನ ಕೆಲಸ ಬಲ್ಲವನು ಒಬ್ಬನೇ. ಹಲ್ಲು ಕಚ್ಚಿಕೊಂಡು ಮಹಡಿ ಹತ್ತಿದೆ.

ವಿಶ್ವ ನಿಯಾಂಡರ್ತಲನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಹುಬ್ಬು ನೋಡಲಿಲ್ಲ, ಹಣೆ ನೋಡಲಿಲ್ಲ. ಸೀದಾ ಬಾಯಿಗೆ ಹೋದ.

"ಮಂಜ, ಇವ್ನು ಏನ್ ಕೆಲ್ಸ ಮಾಡ್ತಿದ್ದ?"

"ಬೇಟೆ ಆಡ್ತಿದ್ದ."

"ಅದಲ್ಲ ಕಣ್ಲಾ, ಕೂತ್ಕೊಂಡು ಮಾಡೋ ಕೆಲ್ಸ. ಹಿಂದ್ಗಡೆ ಹಲ್ಲು ಪರ್ವಾಗಿಲ್ಲ. ಮುಂದಿನವು ನೋಡು, ಉರುಟಾಗಿ ಸವೆದೋಗವೆ. ಏನೋ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡು ಕೈಲಿ ಎಳೆದವ್ನೆ. ತೊಗಲಿರ್ಬೇಕು."

ನಿಯಾಂಡರ್ತಲ್ಲರು ಮುಂದಿನ ಹಲ್ಲುಗಳನ್ನು ಮೂರನೆಯ ಕೈಯಂತೆ ಬಳಸುತ್ತಿದ್ದರು, ತೊಗಲು ಹದ ಮಾಡುವಾಗ ಹಲ್ಲಿನಲ್ಲಿ ಹಿಡಿಯುತ್ತಿದ್ದರು ಎಂದು ವಿದ್ವಾಂಸರು ಹೇಳುತ್ತಾರೆ. ಅದನ್ನು ತಿಳಿಯಲು ನನಗೆ ಮೂರು ಪುಸ್ತಕ, ಎರಡು ಬೇಸಿಗೆ ರಜೆ ಹಿಡಿದಿತ್ತು. ಇವನಿಗೆ ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

"ಯಾರು ಹೇಳಿದ್ರು ನಿಂಗೆ?" ಎಂದೆ, ಕಳ್ಳನನ್ನು ಕೇಳುವ ಹಾಗೆ.

"ಯಾರು ಹೇಳ್ಬೇಕು? ಬಾ ಇಲ್ಲಿ" ಎಂದು ಒಳಕೋಣೆಗೆ ಕರೆದುಕೊಂಡು ಹೋದ.

ಅಲ್ಲಿ ನೆಲದಿಂದ ಸೂರಿನ ತನಕ ಹಲಗೆಗಳು. ಹಲಗೆಯ ತುಂಬ ಪ್ಲಾಸ್ಟರಿನ ದವಡೆಗಳು. ಮೂವತ್ತು ವರ್ಷಗಳಲ್ಲಿ ಅವನು ಕೆಲಸ ಮಾಡಿದ ಬಾಯಿಗಳಲ್ಲಿ ಒಂದನ್ನೂ ಬಿಸಾಡಿರಲಿಲ್ಲ. ಒಂದೊಂದರ ಬುಡದಲ್ಲೂ ಪೆನ್ಸಿಲ್ಲಿನಲ್ಲಿ ಹೆಸರು, ಊರು. ಚಾಂಪಿಯನ್ ರೀಫ್ಸ್. ಕೋರಮಂಡಲ್. ಮಾರಿಕುಪ್ಪಂ.

"ಇದು ನೋಡು, ದರ್ಜಿ. ಮುಂದಿನ ಹಲ್ಲಲ್ಲಿ ಸಣ್ಣ ಕಚ್ಚು ಐತಲ್ಲ, ದಾರ ಕಡ್ದು ಕಡ್ದು ಬಿದ್ದಿದ್ದು. ಇದು ಗಣಿಯೋರು, ಕೆಳಗಡೆ ಡ್ರಿಲ್ಲಿಂಗ್ ಮಾಡ್ತಿದ್ದೋರು. ಅದುರಾಟಕ್ಕೆ ಹಲ್ಲು ಕಚ್ಚಿ ಹಿಡ್ದು ಹಿಡ್ದು ಎಲ್ಲ ಚಪ್ಪಟೆ. ಮೈನ್ಸ್ ಮುಚ್ಚಿದ್ಮೇಲೆ ಮಗಳ ಜೊತೆ ಸೇಲಂಗೆ ಹೋದ್ರು. ಇದ್ದಾರೋ ಇಲ್ವೋ. ಬಾಯಿ ಮಾತ್ರ ಇಲ್ಲೇ ಐತೆ."

ಅವನು ಹಲಗೆಯಿಂದ ಹಲಗೆಗೆ ಹೋಗುತ್ತ ಹೇಳುತ್ತಲೇ ಇದ್ದ. ನಾನು ನಿಂತು ನೋಡಿದೆ. ಊರು ಬಿಟ್ಟವರು, ಲೋಕ ಬಿಟ್ಟವರು, ಎಲ್ಲರೂ ಬಾಯಿ ತೆರೆದು ಸಾಲಾಗಿ ಕೂತಿದ್ದರು. ಚಿತ್ರ ನೋಡಿ ಪಾಠ ಮಾಡಿದ ನನ್ನ ಎದುರಿಗೆ, ವಿಜ್ಞಾನದಲ್ಲಿ ಫೇಲಾದವನ ಒಳಕೋಣೆಯಲ್ಲಿ, ಇಡೀ ಕೆಜಿಎಫ್‌ನ ಪಳೆಯುಳಿಕೆಯ ದಾಖಲೆ! ಅದೂ ಹೆಸರು ವಿಳಾಸ ಸಮೇತ. ಅಂಥದ್ದು ಯಾವ ವಿದ್ವಾಂಸನಿಗೆ ಸಿಕ್ಕಿದೆ?

ಭಾರ್ಗವಿ ಈ ಮನುಷ್ಯನನ್ನು ನೋಡಿದರೆ, ಈ ಕೋಣೆಯನ್ನು ನೋಡಿದರೆ, ಜೀಪಿನ ಸೀಟು ಯಾರದೆಂದು ಹೇಳಲು ಜ್ಯೋತಿಷಿ ಬೇಕಾಗಿರಲಿಲ್ಲ.

"ನಾಲ್ಕನ್ನೂ ಚೆನ್ನಾಗಿ ಮಾಡ್ಕೊಡು" ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ. ಇದ್ದದ್ದನ್ನು ಇದ್ದ ಹಾಗೆ ಮಾಡು ಎಂದು ಹೇಳಬೇಕೆಂದು ಹೊಳೆಯಲಿಲ್ಲ. ಹಲ್ಲು ಕಟ್ಟುವವನಿಗೆ ಬೊಚ್ಚುಬಾಯಿ ಕೊಟ್ಟು 'ಚೆನ್ನಾಗಿ ಮಾಡು' ಎಂದರೆ ಏನರ್ಥ ಎಂದೂ ಹೊಳೆಯಲಿಲ್ಲ.

ಉದ್ಘಾಟನೆ ಶನಿವಾರ. ಗುರುವಾರ ಸಂಜೆ ಬುರುಡೆಗಳನ್ನು ನೋಡಿ ಬರಲು ಹೋದೆ. ಮೂರು ತಯಾರಾಗಿ ಮೇಜಿನ ಮೇಲಿದ್ದವು. ನಾಲ್ಕನೆಯದರ ಮೇಲೆ ಟವೆಲ್ಲು. ವಿಶ್ವ ಮುಂದಿನ ಕೋಣೆಯಲ್ಲಿ ಯಾರಿಗೋ ಪುರಿ ಕಚ್ಚಿಸುತ್ತಿದ್ದ. ನಾನು ಟವೆಲ್ಲಿನ ಮೂಲೆ ಎತ್ತಿದೆ.

ಮುದುಕ ನಕ್ಕ.

ಮೊದಲು ನನಗೂ ನಗು ಬಂತು. ಆಮೇಲೆ ಎಡವಟ್ಟು ಅರ್ಥವಾಯಿತು. ದ್ಮನಿಸಿಯ ಮುದುಕನ ಮಹತ್ವವೇ ಅವನಿಗೆ ಹಲ್ಲಿಲ್ಲದಿರುವುದು. ಹಲ್ಲು ಉದುರಿದ ಮೇಲೂ ಅವನು ಬಹುಕಾಲ, ಬಹುಶಃ ವರ್ಷಗಳೇ, ಬದುಕಿದ್ದ. ಒಲೆಯಿಲ್ಲ, ಪಾತ್ರೆಯಿಲ್ಲ, ಗಂಜಿಯಿಲ್ಲ, ಹೇಗೆ ಬದುಕಿದ? ಯಾರೋ ಅವನಿಗಾಗಿ ಆಹಾರ ಜಜ್ಜಿ ಕೊಟ್ಟಿರಬಹುದು ಎಂದು ಕೆಲವರ ಊಹೆ. ಅಷ್ಟು ಹಿಂದೆಯೇ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಗುಣ ನಮ್ಮ ಕುಲದಲ್ಲಿ ಇತ್ತೇ ಎಂಬ ದೊಡ್ಡ ಪ್ರಶ್ನೆಗೆ ಸಾಕ್ಷಿ ಆ ಖಾಲಿ ಬಾಯಿ. ಆ ಸಾಕ್ಷಿಯ ಬಾಯಿಯನ್ನು ವಿಶ್ವ ಮುಚ್ಚಿಸಿಬಿಟ್ಟಿದ್ದ.

ಒಂದು ಮಾತು ಹೇಳಿದ್ದರೆ ಸಾಕಿತ್ತು. 'ವಿಶ್ವ, ಅವನಿಗೆ ಹಲ್ಲು ಬೇಡ.' ನಾಲ್ಕೇ ಪದ. ಬಾಯಿಪಾಠದಲ್ಲಿ ಮೊದಲಿಗನಾದ ನನಗೆ ನಾಲ್ಕು ಪದ ಕಷ್ಟವೇ? ಆದರೆ ಅದೇ ಗಳಿಗೆಯಲ್ಲಿ, ಭಾರ್ಗವಿಯ ಎದುರು ಇಡೀ ಶಾಲೆ ಇವನ ಕೆಲಸ ನೋಡಿ ನಗುವ ಚಿತ್ರ ಕಣ್ಣಿಗೆ ಕಟ್ಟಿತು. ಹಿತವಾಗಿತ್ತು. ಟವೆಲ್ಲಿನ ಮೂಲೆಯನ್ನು ಮೊದಲಿದ್ದ ಹಾಗೆಯೇ ಮಡಿಸಿ ಮನೆಗೆ ಬಂದೆ. ಅಮ್ಮ ನಿಪ್ಪಟ್ಟು ತಿನ್ನುತ್ತಿದ್ದರು. ಅವತ್ತು ಮಾತ್ರ ಆ ಸದ್ದು ನನಗೆ ಅಷ್ಟು ಚುಚ್ಚಲಿಲ್ಲ.

ಹೀಗೆ ಶನಿವಾರ ಬಂತು, ಬಟ್ಟೆ ಎಳೆದೆ, ಮಕ್ಕಳು ನಕ್ಕರು. ನಗು ನಿಲ್ಲಲು ಸಮಯ ಹಿಡಿಯಿತು. ನಾನು ಗಂಭೀರ ಮುಖ ಮಾಡಿಕೊಂಡು, "ಕ್ಷಮಿಸಬೇಕು, ಇದು ನಮ್ಮ ಸ್ಥಳೀಯ ಕುಶಲಕರ್ಮಿಯ ಅಚಾತುರ್ಯ" ಎಂದು ಶುರುಮಾಡಿದೆ. ಆ ವಾಕ್ಯವನ್ನು ಎರಡು ದಿನದಿಂದ ಹದ ಮಾಡಿಟ್ಟಿದ್ದೆ.

ಭಾರ್ಗವಿ ನನ್ನ ಮಾತು ಮುಗಿಯುವುದಕ್ಕೆ ಕಾಯಲಿಲ್ಲ. ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದಳು.

"ಇದನ್ನ ಯಾರು ಮಾಡಿದ್ದು?"

"ನಾನಮ್ಮ" ಎಂದು ವಿಶ್ವ ಮುಂದೆ ಬಂದ. "ಭಾಳ ಕಷ್ಟದ ಬಾಯಿ. ಮೂರು ಸಲ ಮೇಣ ಕಟ್ಟಿ ಕಿತ್ತಾಕ್ದೆ."

"ಯಾಕೆ ಕಷ್ಟ?"

"ಎಲುಬು ಇದ್ರೆ ತಾನೆ ಸೆಟ್ ಕೂರೋದು? ಹಲ್ಲು ಹೋಗಿ ಭಾಳ ವರ್ಷ ಆದ್ಮೇಲೆ ಬಂದವ್ರೆ ಇವ್ರು." ಗಿರಾಕಿಯೊಬ್ಬರು ತಡವಾಗಿ ಬಂದರೆನ್ನುವ ಆಕ್ಷೇಪಣೆ ಅವನ ದನಿಯಲ್ಲಿತ್ತು. ಎರಡು ಬೆರಳು ಹಾಕಿ ಮೇಲಿನ ಸೆಟ್ಟನ್ನು ಟಕ್ಕನೆ ಬಿಚ್ಚಿದ, ಆಮೇಲೆ ಕೆಳಗಿನದು. ನಕಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸೆಟ್ ಎಂದ ಮೇಲೆ ಬಿಚ್ಚಲು ಬರಬೇಕಲ್ಲ. "ಇಲ್ಲಿ ನೋಡಿ. ಹೊಸದಾಗಿ ಹಲ್ಲು ಬಿದ್ರೆ ಗುಳಿ ಇರ್ತದೆ. ಇವ್ರದ್ದು ಎಲ್ಲ ಗುಳಿ ಮುಚ್ಕೊಂಡು, ಮೇಲಿನ ಎಲುಬೂ ಕರಗೋಗಿ ನುಣ್ಣಗಾಗಿದೆ. ಇದೊಂದು ಗುಳಿ ಮಾತ್ರ ಮುಚ್ಚಿಲ್ಲ, ಕೆಳಗಿನ ಕೋರೆದು. ಅಂದ್ರೆ ಸಾಯೋ ತನ್ಕ ಆ ಒಂದು ಹಲ್ಲು ಇತ್ತು. ಅದಕ್ಕೇ ಅಲ್ಲಿ ಹಲ್ಲು ಕೂರ್ಸಿ ತಂತಿ ಕೊಕ್ಕೆ ಹಾಕ್ದೆ. ಇಲ್ಲಾಂದ್ರೆ ಕೆಳಗಿನ ಸೆಟ್ ನಿಲ್ಲಲ್ಲ."

ಕೋಣೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಭಾರ್ಗವಿಯ ಕಣ್ಣುಗಳು ಅರಳಿದ್ದವು.

"ಎಷ್ಟು ವರ್ಷ ಹಲ್ಲಿಲ್ಲದೆ ಬದುಕಿರ್ಬಹುದು ಅಂತೀರಿ?"

"ನಮ್ಮ ಗಿರಾಕಿಗಳ ಲೆಕ್ಕದಲ್ಲಿ ಇಷ್ಟು ಸವೆಯೋಕೆ ಒಂದೆರಡು ವರ್ಷವಂತೂ ಬೇಕು. ಯಾರೋ ಚೆನ್ನಾಗಿ ನೋಡ್ಕೊಂಡವ್ರೆ. ಆದ್ರೆ ಸೆಟ್ ಮಾಡ್ಸೋಕೆ ಯಾರೂ ಕರ್ಕೊಂಡು ಬಂದಿಲ್ಲ. ಅದಕ್ಕೇ ಪಾಪ ಅನ್ನಿಸ್ತು, ನಾನೇ ಮಾಡ್ದೆ."

ಭಾರ್ಗವಿ ಮಕ್ಕಳ ಕಡೆ ತಿರುಗಿದಳು. "ನಾನು ಇವತ್ತು ಇದನ್ನೇ ಹೇಳೋಕೆ ಬಂದಿದ್ದೆ. ಇವರು ನನಗಿಂತ ಚೆನ್ನಾಗಿ ಹೇಳಿಬಿಟ್ಟರು. ಯಾರೋ ನೋಡಿಕೊಂಡಿದ್ದರು ಅನ್ನೋದು ಊಹೆ, ಮೂಳೆ ಅಷ್ಟನ್ನು ಖಚಿತವಾಗಿ ಹೇಳೋಲ್ಲ. ಹಲ್ಲಿಲ್ಲದೆ ಬದುಕಿದ್ದ ಅನ್ನೋದಕ್ಕೆ ಮಾತ್ರ ಸಾಕ್ಷಿ ಇಲ್ಲೇ ಇದೆ."

ಚಪ್ಪಾಳೆ ಬಿತ್ತು, ಆ ಮೂರಕ್ಕೆ ಬಿದ್ದದ್ದಕ್ಕಿಂತ ಜೋರಾಗಿ. ವಿಶ್ವ ಸಂಕೋಚದಿಂದ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ.

"ಸರಿ ಇದೆಯೋ ಇಲ್ವೋ ಅಂತ ನಂಗೂ ಭಯ ಇತ್ತಮ್ಮ. ಗುರುವಾರ ಮಂಜ ಬಂದು ಟವೆಲ್ ಎತ್ತಿ ನೋಡಿದ್ದು ಬಾಗಿಲ ಸಂದೀಲಿ ಕಂಡೆ. ಏನೂ ಅನ್ಲಿಲ್ಲ. ಇವ್ನೇ ಏನೂ ಅನ್ಲಿಲ್ಲ ಅಂದ್ಮೇಲೆ ಸರಿಯಾಗೇ ಇರ್ಬೇಕು ಅಂದ್ಕೊಂಡೆ."

ಭಾರ್ಗವಿ ನಿಧಾನವಾಗಿ ನನ್ನ ಕಡೆ ನೋಡಿದಳು. ಹೆಡ್ ಸಿಸ್ಟರೂ ನೋಡಿದರು. ನಾನು ಫ್ಲೋರೆಸ್ ದ್ವೀಪದ ಹೆಂಗಸನ್ನು ನೋಡಿದೆ. ಅವಳ ಎತ್ತರಕ್ಕೆ ಇಳಿಯಲು ನನಗೆ ಇನ್ನು ಬಹಳ ಬಾಕಿ ಇರಲಿಲ್ಲ.

ಊಟವಾದ ಮೇಲೆ ಭಾರ್ಗವಿ ಅವನ ಅಂಗಡಿ ನೋಡಬೇಕೆಂದಳು. ದಾರಿ ತೋರಿಸುವ ನೆಪದಲ್ಲಿ ನಾನೂ ಹೋದೆ. ಸೀಟು ಕೈತಪ್ಪುವುದನ್ನು ಕಣ್ಣಾರೆ ನೋಡಬೇಕೆಂಬ ಹಟವೂ ಒಂದಿರುತ್ತದೆ.

ಅಂಗಡಿಯ ಮೆಟ್ಟಿಲ ಮೇಲೆ ದೊಡ್ಡವೆಂಕಟಪ್ಪ ಎಂಬ ಮುದುಕ ಕಾಯುತ್ತಿದ್ದ. ಬಂಗಾರಪೇಟೆಯಾಚೆಯ ಹಳ್ಳಿಯವನು, ಕುರಿ ಕಾಯುವವನು. ಅವನ ಕೈಯಲ್ಲಿ ಎರಡು ತುಂಡಾದ ಸೆಟ್.

"ಮತ್ತೆ ಏನ್ಮಾಡ್ಕೊಂಡ್ರಿ ತಾತ?" ವಿಶ್ವ ಕೇಳಿದ.

"ಏನ್ಮಾಡ್ಲಪ್ಪ, ಇದ್ನ ಆಕ್ಕೊಂಡ್ರೆ ಸಿಳ್ಳೆ ಬರಲ್ಲ. ಸಿಳ್ಳೆ ಆಕ್ದಿದ್ರೆ ಕುರಿ ತಿರುಗ್ಕೊಂಡ್ ನೋಡಲ್ಲ. ತೆಗ್ದು ಜೇಬಲ್ ಮಡಗಿದ್ದೆ. ಮರೆತೋಗಿ ಬಂಡೆ ಮ್ಯಾಲೆ ಕುಂತ್ಕೊಂಡೆ."

"ಹಿಂದಿನ ಜೇಬಲ್ಲಾ?"

"ಊ ಕಣಪ್ಪ. ನಂದೇ ಅಲ್ಲು ನಂಗೇ ಕಚ್ತು."

ಭಾರ್ಗ‌ವಿ ನಗು ತಡೆದುಕೊಂಡು ಅವನ ಪಕ್ಕದ ಮೆಟ್ಟಿಲ ಮೇಲೆಯೇ ಕುಳಿತಳು. ಹದಿನೆಂಟು ಲಕ್ಷ ವರ್ಷದ ಹಿಂದೆ, ಹಲ್ಲಿಲ್ಲದ ಮುದುಕನೊಬ್ಬ ಹೇಗೆ ಬದುಕಿದ್ದಾನೆಂದು ತಮಗೆ ಯಾರಿಗೂ ಸರಿಯಾಗಿ ತಿಳಿಯದು ಎಂದು ಹೇಳಿದಳು.

"ಅದ್ಕೇನಮ್ಮ ಅಷ್ಟು ಯೋಚ್ನೆ? ನಮ್ಮ ಲಕ್ಷ್ಮೀದೇವಿ ಅಂಗೆ ಒಬ್ಳು ಸೊಸೆ ಇದ್ದಿರ್ತಾಳೆ. ಮುದ್ದೆ ಮಾಡಿ ಆಕಿರ್ತಾಳೆ. ಮುದ್ದೆ ಅಗಿಯೋದೆಲ್ಲಿ, ನುಂಗೋದು ತಾನೆ?"

"ಆಗಿನ್ನೂ ರಾಗಿ ಬೆಳೀತಿರ್ಲಿಲ್ಲ ತಾತ."

"ರಾಗಿ ಇರ್ಲಿಲ್ವಾ?" ದೊಡ್ಡವೆಂಕಟಪ್ಪ ಅವಳನ್ನು ಕನಿಕರದಿಂದ ನೋಡಿದ. "ಅದ್ಕೇ ಆ ಜಾತಿಯೋರೆಲ್ಲ ಸತ್ತೋದ್ರು ಬುಡಮ್ಮ."

ಒಳಕೋಣೆಯಲ್ಲಿ ಭಾರ್ಗವಿ ಎರಡು ಗಂಟೆ ಕಳೆದಳು. ದರ್ಜಿಯನ್ನು ನೋಡಿದಳು, ಗಣಿಯವನನ್ನು ನೋಡಿದಳು. ಹೆಸರು ಮುಚ್ಚಿಟ್ಟು ತಾನೇ ನಾಲ್ಕು ದವಡೆ ಎತ್ತಿ ಕೊಟ್ಟಳು. ವಿಶ್ವ ನಾಲ್ಕರದ್ದೂ ಕಸುಬು ಹೇಳಿದ. ಅವಳು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ನನ್ನ ಕ್ಲಾಸಿನಲ್ಲಿ ಮೂರು ವರ್ಷ ಕುಳಿತವಳು. ನಾನು ಹೇಳಿದ್ದನ್ನು ಅವಳು ಅಷ್ಟು ಚುರುಕಾಗಿ ಬರೆದುಕೊಂಡ ನೆನಪು ನನಗಿಲ್ಲ. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತು ಪೊಟ್ಟಣದಿಂದ ಒಂದೊಂದೇ ಪುರಿ ತಿನ್ನುತ್ತಿದ್ದೆ. ಎಡಕ್ಕೂ ಬಲಕ್ಕೂ ಸದ್ದು ಒಂದೇ ಬರುತ್ತಿತ್ತು. ಸ್ವಂತ ಹಲ್ಲು. ಅದೊಂದು ಸಮಾಧಾನ.

ಕೊನೆಗೆ ಅವಳು ಪುಸ್ತಕ ಮುಚ್ಚಿದಳು. ನನಗೆ ಗೊತ್ತಾಯಿತು. ಪುರಿ ಬಾಯಲ್ಲೇ ನಿಂತಿತು.

"ವಿಶ್ವಣ್ಣ, ದಸರಾ ರಜೆಯಲ್ಲಿ ನಮ್ಮ ತಂಡ ನರ್ಮದಾ ದಂಡೆಗೆ ಹೋಗ್ತಿದೆ. ಹತ್ತು ದಿನ. ಜೀಪಲ್ಲಿ ಒಂದು ಸೀಟಿದೆ." ಅವಳು ನನ್ನ ಕಡೆ ನೋಡಲಿಲ್ಲ. "ನೀವು ಬರ್ತೀರಾ?"

ವಿಶ್ವ ದೊಡ್ಡವೆಂಕಟಪ್ಪನ ಮುರಿದ ಸೆಟ್ಟಿಗೆ ಮೇಣ ತಾಗಿಸುತ್ತಿದ್ದವನು ಕೈ ನಿಲ್ಲಿಸಿದ.

"ಅಲ್ಲಿ ಯಾರವ್ರಮ್ಮ?"

"ಹಥ್ನೋರಾ ಅನ್ನೋ ಹಳ್ಳಿ ಹತ್ರ ಎಂಬತ್ತೆರಡರಲ್ಲಿ ಒಂದು ತಲೆಬುರುಡೆ ಸಿಕ್ತು. ನಮ್ಮ ದೇಶದಲ್ಲಿ ಅಷ್ಟು ಹಳೇ ಮನುಷ್ಯನದು ಅದೊಂದೇ. ಆ ದಂಡೆಯಲ್ಲೇ ನಾವು ಮತ್ತೆ ಹುಡುಕೋದು."

"ಬಾಯಿ ಹೆಂಗೈತೆ?"

"ಬಾಯಿ ಸಿಕ್ಕಿಲ್ಲ. ತಲೆಯ ಮೇಲಿನ ಚಿಪ್ಪು ಮಾತ್ರ. ದವಡೆ ಇಲ್ಲ, ಹಲ್ಲು ಒಂದೂ ಇಲ್ಲ."

ವಿಶ್ವ ಮೇಣದ ಚಾಕುವನ್ನು ಮತ್ತೆ ದೀಪಕ್ಕೆ ಹಿಡಿದ.

"ಬಾಯೇ ಇಲ್ದೋರ ಹತ್ರ ನಂಗೇನಮ್ಮ ಕೆಲ್ಸ? ಇವ್ನನ್ನ ಕರ್ಕೊಂಡೋಗಿ. ಟೋಪಿ ಬೂಟು ತಂದು ಬೀರುವಲ್ಲಿ ಮಡಗಿ ಮೂರು ತಿಂಗ್ಳಾಯ್ತಂತೆ, ಅವ್ರಮ್ಮ ಹೇಳಿದ್ರು."